ಮಾಣಿಕಬಾಯಿ ಸಮೇತ ಮೇಣೆಯ ಮಾರಾಟ

ಇಚಲಕರಂಜಿಯ ಪಾರೀಸ ಮಗದುಮ್ ಅವರ ಪಡಸಾಲೆಯಲ್ಲಿ ಒಂದು ಮೇಣೆ ಇತ್ತು ಎಂಬುದು ನಿರ್ವಿವಾದವಾದ ಸಂಗತಿ. ಬೀಟೆ ಕಟ್ಟಿಗೆ, ಹಿತ್ತಾಳೆಯ ಮೊಳೆ, ಹೊರುವ ದಂಡಿಗೆಯ ತುದಿಗೆ ಹುಲಿಮೊಗ. ಪಾರೀಸರ ತಾಯಿ ಮಾಣಿಕಬಾಯಿ ನಾಂದಣಿಯಿಂದ ಮದುವಣಗಿತ್ತಿಯಾಗಿ ಬಂದದ್ದು ಅದರಲ್ಲಿಯೇ. ಗಂಡ ತೀರಿಕೊಂಡ ಮೇಲೆ ಆಕೆ ಮಧ್ಯಾಹ್ನ ಉಂಡು ಅದರೊಳಗೆ ಹೋಗಿ ಪರದೆ ಎಳೆದುಕೊಳ್ಳುವ ರೂಢಿ ಇಟ್ಟುಕೊಂಡಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ತನ್ನದು ಎನ್ನಲು ಆಕೆಗೆ ಇದ್ದ ಜಾಗ ಅದೊಂದೇ.

ಮೂವತ್ತೊಂಬತ್ತನೆಯ ಇಸವಿಯಲ್ಲಿ ಪಾರೀಸರು ಒಂದು ಯಂತ್ರಮಗ್ಗ ತರಿಸಿದರು. ಆಗ ಊರಲ್ಲೆಲ್ಲ ಮಗ್ಗ ಬರುತ್ತಿದ್ದವು. ಮಗ್ಗ ಬಂದ ಮನೆಯಿಂದ ಹಳೆಯದೊಂದು ಹೊರಗೆ ಹೋಗುತ್ತಿತ್ತು. ಇದಕ್ಕೆ ಪ್ರಗತಿ ಎಂದು ಹೆಸರು. ಮಗ್ಗ ತಾಡಪತ್ರಿ ಹೊದ್ದು ಓಣಿಯಲ್ಲಿ ನಿಂತಿತು. ಅಳೆದು ನೋಡಿದರೆ ಅದಕ್ಕೆ ಬೇಕಾದದ್ದು ಸರಿಯಾಗಿ ಮೇಣೆಯಷ್ಟೇ ಜಾಗ.

ಮೇಣೆಯನ್ನು ಎಲ್ಲಿ ಮಾರಬೇಕು ಎಂಬ ಪ್ರಶ್ನೆಗೆ ಇಡೀ ಓಣಿ ಉತ್ತರ ಕೊಟ್ಟಿತು. ಹಾಗೆ ಪುಕ್ಕಟೆ ಸಲಹೆ ಕೊಡುವುದರಲ್ಲಿ ನಮ್ಮ ಓಣಿ ಎಂದೂ ಜಿಪುಣತನ ಮಾಡಿದ್ದಿಲ್ಲ. ಗಡಹಿಂಗ್ಲಜದ ಸಂತೆಯ ವ್ಯಾಪಾರಿ ಬಂದು ನೋಡಿ, ಕಟ್ಟಿಗೆ ಬೇರೆ, ಹಿತ್ತಾಳೆ ಬೇರೆ ತೂಗಿ ಕೊಡುವುದಾದರೆ ಒಯ್ಯುತ್ತೇನೆ ಎಂದ. ಕುರುಂದವಾಡದ ಒಬ್ಬರು ಬಹಳ ಆಸಕ್ತಿಯಿಂದ ಸುತ್ತ ತಿರುಗಿ, ಇದು ನೀರಿನಲ್ಲಿ ತೇಲುತ್ತದೆಯೇ ಎಂದು ಕೇಳಿದರು. ಪ್ರತಿ ಮಳೆಗಾಲಕ್ಕೆ ಕೃಷ್ಣಾ ಹೊಳೆಯನ್ನು ಮನೆಯೊಳಗೆ ಬರಮಾಡಿಕೊಳ್ಳುವವರು ಬೇರೇನು ಕೇಳಿಯಾರು? ಕೊನೆಗೆ ಕೊಲ್ಹಾಪುರದಲ್ಲಿ ‘ಪುರಾತನ ವಸ್ತು ವಿಲೇವಾರಿ ಕಚೇರಿ’ ಎಂಬುದೊಂದು ಇದೆಯೆಂದು ತಿಳಿದುಬಂತು. ಸರಕಾರವೇ ಕೊಳ್ಳುವಾಗ ಮೋಸದ ಮಾತೇ ಇಲ್ಲ ಎಂದು ಪಾರೀಸರು ಅತ್ತ ಹೊರಟರು.

ಮೇಣೆಯನ್ನು ಗಾಡಿಯ ಮೇಲೆ ಹೇರಿದಾಗ ಪಾರೀಸರ ಹೆಂಡತಿ ರತ್ನಮಾಲಾ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಉಡಿ ತುಂಬಿದಳು. ಮನೆಯಿಂದ ಹೊರಡುವ ಹೆಣ್ಣಿಗೆ ಮಾಡುವುದನ್ನು ಮೇಣೆಗೆ ಮಾಡಬಾರದು ಎಂದು ಎಲ್ಲೂ ಬರೆದಿಲ್ಲ. ಮಾಣಿಕಬಾಯಿ ಕಳಿಸಿ ಬರುತ್ತೇನೆಂದು ಊರ ಹೊರಗೆ ಸುಂಕ ವಸೂಲು ಮಾಡುವ ಜಕಾತಿ ನಾಕಾದವರೆಗೆ ಗಾಡಿಯ ಹಿಂದೆ ನಡೆದು ಬಂದರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ. ಎಲ್ಲರೂ ಎತ್ತುಗಳನ್ನು ನೋಡುತ್ತಿದ್ದರು.

ನಾಕಾದ ಗೋಡೆಯ ಮೇಲೆ ಹೀಗೆ ಬರೆದಿತ್ತು: ‘ಮಾರುವ ಸಾಮಾನಿಗೆ ಜಕಾತಿ ಉಂಟು. ಬಳಸುವ ಸಾಮಾನಿಗೆ ಜಕಾತಿ ಇಲ್ಲ. ಬಳಸುವುದು ಕಣ್ಣಿಗೆ ಕಾಣತಕ್ಕದ್ದು.’ ಈ ನಿಯಮದಿಂದ ಯಾರಿಗೂ ತೊಂದರೆ ಇರಲಿಲ್ಲ. ಮಂಚ ಸಾಗಿಸುವವರು ಅದರ ಮೇಲೆ ಮಲಗಿ ಗೊರಕೆ ಹೊಡೆಯುತ್ತ ದಾಟುತ್ತಿದ್ದರು. ತೊಟ್ಟಿಲು ಒಯ್ಯುವವರಿಗೆ ಪಕ್ಕದ ಮನೆಯವರು ಕೂಸು ಕೊಡುತ್ತಿದ್ದರು.

“ಮೇಣೆ ಮಾರಾಕ ಹೊಂಟೀರೋ, ಬಳಸಾಕೋ?” ಎಂದು ನಾಕಾ ಕಾರಕೂನ ಕಾಡಸಿದ್ದ ಕೇಳಿದ.

“ಬಳಸಾಕರಿ,” ಎಂದರು ಪಾರೀಸರು, ಬೇರೆ ಎಲ್ಲರಂತೆ.

“ಮತ್ತ ಒಳಗ ಯಾರೂ ಇಲ್ಲಲ್ರಿ ಸಾವಕಾರ. ಅದೂ ಅಲ್ದ, ಗಾಡಿ ಮ್ಯಾಲಿನ ಮೇಣೆ ಸಾಮಾನು. ಹೆಗಲ ಮ್ಯಾಲಿದ್ರ ಬಳಕಿ. ನಾ ಅಲ್ರಿ, ಕಾಯ್ದೆ ಹೇಳತೈತಿ.”

ಪಾರೀಸರು ಸುತ್ತ ನೋಡಿದರು. ಮೇಣೆಯಲ್ಲಿ ಹಿಡಿಸುವಂಥವರು ಅಲ್ಲಿ ಒಬ್ಬರೇ ಇದ್ದರು.

“ಅವ್ವಾ, ಜರಾ ಹತ್ತಿ ಕುಂದರತಿ ಏನು? ನಾಕಾ ದಾಟೂತನಕ ಅಷ್ಟ.”

ಮಾಣಿಕಬಾಯಿ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಮಗ್ಗದ ಕೆಲಸದ ಭರಮಪ್ಪ ಇನ್ನೂ ಮೂವರನ್ನು ಕರೆತಂದು ದಂಡಿಗೆಗೆ ಹೆಗಲು ಕೊಟ್ಟ. ಕಾಡಸಿದ್ದ ಪಾಸು ಬರೆದ: ‘ಮೇಣೆ ಒಂದು, ಬಳಕೆಯಲ್ಲಿ, ಮಾಣಿಕಬಾಯಿ ಸಮೇತ.’ ಬರೆದು ಒಂದು ಮಾತು ಕೂಡಿಸಿದ:

“ಬಳಕಿ ಎಲ್ಲಿ ನಿಂತತಿ, ಅಲ್ಲೇ ಜಕಾತಿ ಸುರು. ಮ್ಯಾಲ ದಂಡಾ. ಅವ್ವಾರನ್ನ ಇಳಸಬ್ಯಾಡ್ರಿ.”

“ನಾ ಯಾಕ ಇಳೀಲಿ?” ಎಂದು ಪರದೆಯೊಳಗಿನಿಂದ ಕೇಳಿಸಿತು.

ದಾರಿಯುದ್ದಕ್ಕೂ ಭರಮಪ್ಪನ ಹೆಗಲು ಸರಕಾರದ ಕಾಯ್ದೆಯನ್ನು ಪಾಲಿಸಿತು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ನೇಮ ಮಾಣಿಕಬಾಯಿಯವರದು. ಆದ್ದರಿಂದ ಸೂರ್ಯ ಬಾಗಿದೊಡನೆ ಮೇಣೆ ಒಂದು ಮರದ ಕೆಳಗೆ ನಿಲ್ಲುತ್ತಿತ್ತು, ರೊಟ್ಟಿಯ ಗಂಟು ಒಳಗೆ ಹೋಗುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಆಕೆ ಊರು ಬಿಟ್ಟು ಹೊರಗೆ ಬಂದಿದ್ದರು. ಕಬ್ಬಿನ ಹೊಲ ಕಂಡಾಗಲೆಲ್ಲ ಪರದೆ ಸರಿಸಿ, “ಇದು ಯಾರ ಹೊಲಾನೋ ಭರಮಾ?” ಎಂದು ಕೇಳುತ್ತಿದ್ದರು. ಆಕೆಗೆ ಬಹಳ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಕೊಲ್ಹಾಪುರದ ಕಚೇರಿಯಲ್ಲಿ ಅಧಿಕಾರಿ ಬಾಳಾಸಾಹೇಬರು ಎದ್ದು ಬಂದು ಮೇಣೆಯನ್ನು ಬೆರಳಿನಿಂದ ತಟ್ಟಿದರು. ಪಾಸು ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

“ಛಾನ ಆಹೆ. ಮಾಲು ಚಲೋ ಐತಿ,” ಎಂದರು.

“ಅವ್ವಾ, ಇನ್ನ ಇಳಿ,” ಎಂದರು ಪಾರೀಸರು.

“ಥಾಂಬಾ, ತಡೀರಿ! ಇಳಿಸೋದು ಹ್ಯಾಂಗರಿ? ಪಾಸಿನ್ಯಾಗ ಮಾಣಿಕಬಾಯಿ ಸಮೇತ ಅಂತ ಐತಿ. ಪಾಸಿನ್ಯಾಗ ಇದ್ದದ್ದು ನಮ್ಮ ಬಾಗಲಕ್ಕ ಬರೋದರಾಗ ಕಮ್ಮಿ ಆತಂದ್ರ ಹಾದ್ಯಾಗ ಕಳುವಾತು ಅಂತ ಬರೀಬೇಕಾಗತೈತಿ.”

ತಾಯಿಯನ್ನು ಕದ್ದ ಆರೋಪ ಹೊರಲು ಪಾರೀಸರಿಗೆ ಮನಸ್ಸಾಗಲಿಲ್ಲ. ಆದ್ದರಿಂದ ಒಟ್ಟಿಗೇ ಕೊಳ್ಳುವುದೆಂದು ಠರಾವಾಯಿತು. ಈಗ ಉಳಿದದ್ದು ವಯಸ್ಸಿನ ಪ್ರಶ್ನೆ ಮಾತ್ರ. ನೂರು ವರ್ಷ ತುಂಬದ ವಸ್ತುವನ್ನು ಕಚೇರಿ ಕೊಳ್ಳುವಂತಿರಲಿಲ್ಲ. ಮೇಣೆಗೆ ನೂರಿಪ್ಪತ್ತು. ಮಾಣಿಕಬಾಯಿಯವರಿಗೆ ಅರವತ್ತು. ಬಾಳಾಸಾಹೇಬರು ಎರಡನ್ನೂ ಕೂಡಿಸಿ ಸಮನಾಗಿ ಹಂಚಿದರು. ತೊಂಬತ್ತು ಬಂತು.

“ಅವ್ವಾರಿಂದ ಮಾಲು ಎಳೇದಾಗೇತಿ,” ಎಂದು ಅವರು ಕನಿಕರದಿಂದ ಹೇಳಿದರು.

ಪಾರೀಸರು ಲೆಕ್ಕದಲ್ಲಿ ಚುರುಕು. ಒಳಗೆ ಎಂಬತ್ತು ತುಂಬಿದವರು ಕೂತರೆ ಸರಿಯಾಗಿ ನೂರಾಗುತ್ತದೆ ಎಂದು ಅವರಿಗೆ ಕೂಡಲೇ ಹೊಳೆಯಿತು.

“ಸಾಹೇಬ, ನಮ್ಮನ್ಯಾಗ ಮೊದಲ ಕೆಲಸಕ್ಕಿದ್ದ ಮುದಕವ್ವ ಈಗ ನೂಲ ಅನ್ನೋ ಹಳ್ಳ್ಯಾಗ ಅದಾಳ್ರಿ. ಎಂಬತ್ತು ಆಗೇತಿ. ಆಕಿನ್ನ ತಂದು ಕುಂದರಸತೇನಿ. ಅವ್ವ ಮನೀಗೆ ಬರತಾಳ.”

ಪರದೆಯ ಹಿಂದೆ ಬಳೆಯಿಲ್ಲದ ಒಂದು ಕೈ ಮೇಣೆಯ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಷ್ಟು ದೂರ ನಗುತ್ತ ಬಂದ ಮಾಣಿಕಬಾಯಿಯವರಿಗೆ ಆಗ ನಿಜವಾಗಿ ಹೆದರಿಕೆಯಾಯಿತು. ಆದರೆ ದಾರಿಯಲ್ಲಿ ಆಕೆ ಸುಮ್ಮನೆ ಕಬ್ಬು ನೋಡುತ್ತ ಕೂತಿರಲಿಲ್ಲ. ಕಾಯ್ದೆಯ ಹದ ತಿಳಿದುಕೊಂಡಿದ್ದರು. ಪರದೆ ಸರಿಸಿ ಕೇಳಿದರು:

“ಸಾಹೇಬ, ಒಂದ ಮಾತರಿ. ಪಾಸಿನ್ಯಾಗ ಒಬ್ಬಾಕಿ ಹೆಸರು, ಒಳಗ ಇನ್ನೊಬ್ಬಾಕಿ. ತುಪ್ಪದಾಗ ಹಿಂಗ ಮಾಡಿದ್ರ ಏನಂತಾರ್ರಿ?”

“ಕಲಬೆರಕಿ,” ಎಂದರು ಬಾಳಾಸಾಹೇಬರು, ಬೆಚ್ಚಿಬಿದ್ದು. “ಮಗದುಮ್ರ, ಸರಕಾರಕ್ಕ ಕಲಬೆರಕಿ ಮಾಲು ಕೊಡಾಕ ಬಂದೀರೇನು?”

ಪಾರೀಸರು ಕಿವಿ ಹಿಡಿದುಕೊಂಡರು. ಬಾಳಾಸಾಹೇಬರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಇಟ್ಟು ಹಣ್ಣು ಮಾಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಮೇಣೆ ಮತ್ತು ಮಾಣಿಕಬಾಯಿ ಇನ್ನು ಹತ್ತು ವರ್ಷ ಒಟ್ಟಿಗೇ ಇದ್ದರೆ ತಾವಾಗಿಯೇ ನೂರಕ್ಕೆ ಮುಟ್ಟುತ್ತಾರೆ. ವ್ಯವಹಾರ ಇಂದೇ ಮುಗಿಸಿ, ಹಣವನ್ನು ಹಣ್ಣಾದ ಮೇಲೆ ಕೊಡುವುದೆಂದು ಗೊತ್ತಾಯಿತು. ಹೊರಡುವಾಗ ಪಾರೀಸರ ಕೈಗೆ ಮೊಹರು ಒತ್ತಿದ ಹುಕುಂ ಬಂತು:

‘ವಸ್ತು ಇಂದಿನಿಂದ ಸರಕಾರದ ಸ್ವತ್ತು. ಹಣ್ಣಾಗುವವರೆಗೆ ಅದನ್ನು ಮೂಲ ಜಾಗದಲ್ಲಿಯೇ ಇಡತಕ್ಕದ್ದು. ವಸ್ತುವಿಗೆ ಗೆದ್ದಲು ಹತ್ತದಂತೆ, ನೆಗಡಿ ಆಗದಂತೆ ನೋಡಿಕೊಳ್ಳತಕ್ಕದ್ದು. ಕಾಲಕಾಲಕ್ಕೆ ಎಣ್ಣೆ ಹಚ್ಚತಕ್ಕದ್ದು. ವಸ್ತುವಿಗೆ ಎದುರು ಮಾತನಾಡತಕ್ಕದ್ದಲ್ಲ. ಅವಧಿಗೆ ಮುನ್ನ ಸಾಯುವುದಕ್ಕೆ ವಸ್ತುವಿಗೆ ಪರವಾನಗಿ ಇಲ್ಲ.’

ಮರಳಿ ಬರುವಾಗ ಕಾಡಸಿದ್ದ ನಾಕಾದ ಮುಂದೆ ಎದ್ದು ನಿಂತು ಸಲಾಮು ಹೊಡೆದ. ಸರಕಾರಿ ಮಾಲನ್ನು ತಡೆಯುವ ಅಧಿಕಾರ ಅವನಿಗೆ ಇರಲಿಲ್ಲ.

ಮೇಣೆ ಪಡಸಾಲೆಗೆ ಬಂತು. ಮಗ್ಗ ಪಾರೀಸ ದಂಪತಿಗಳು ಮಲಗುವ ಕೋಣೆಗೆ ಹೋಯಿತು. ಅವರಿಬ್ಬರೂ ಹೊರಗಿನ ಕಟ್ಟೆಗೆ ಬಂದರು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ತಿಂಗಳಿಗೊಮ್ಮೆ ಕಚೇರಿಯ ತಪಾಸಣಿಗಾರ ಬಂದು ಮೇಣೆಯನ್ನು ತಟ್ಟಿ, ಮಾಣಿಕಬಾಯಿಯವರನ್ನು ಕೆಮ್ಮಿಸಿ, ಎರಡೂ ಗಟ್ಟಿ ಇವೆ ಎಂದು ಬರೆದುಕೊಂಡು ಹೋಗುತ್ತಿದ್ದ. ಅದಕ್ಕೂ ಮೊದಲು ಅತ್ತೆ ಉಂಡರೋ ಇಲ್ಲವೋ ಎಂದು ಕೇಳಲು ರತ್ನಮಾಲಾಗೆ ಪುರುಸೊತ್ತು ಇರುತ್ತಿರಲಿಲ್ಲ. ಈಗ ಆಕೆ ಬಿಸಿ ರೊಟ್ಟಿಯ ಮೇಲೆ ತುಪ್ಪ ಹಾಕಿಕೊಂಡು ಮೇಣೆಯ ಮುಂದೆ ನಿಲ್ಲುತ್ತಿದ್ದಳು.

“ಅತ್ತಿ, ಇನ್ನೊಂದ ಹಾಕಲ್ರಿ? ಬ್ಯಾಡ ಅನಬ್ಯಾಡ್ರಿ, ಹುಕುಂದಾಗ ಐತಿ.”

ಇದನ್ನು ನೋಡಿ ಓಣಿಗೂ ಬುದ್ಧಿ ಬಂತು. ಹಳೆಯ ತೂಗುಮಣೆ, ಮಂಚ, ಕಡಗೋಲು ಕಂಬ, ಏನು ಇತ್ತೋ ಅದರ ಹತ್ತಿರ ಒಬ್ಬೊಬ್ಬ ಅತ್ತೆಯನ್ನು ಕೂಡಿಸಿ ನಾಕಾಕ್ಕೆ ಒಯ್ಯತೊಡಗಿದರು. ವಯಸ್ಸು ಕಡಿಮೆ ಹೇಳುತ್ತಿದ್ದ ಹೆಂಗಸರು ಐದಾರು ವರ್ಷ ಕೂಡಿಸಿ ಹೇಳತೊಡಗಿದರು. ಹಳೆಯ ವಸ್ತು ಮಾರುವುದು ಹೇಗೆಂದು ತಿಳಿಯಬೇಕಾದವರು ಪಾರೀಸರನ್ನೇ ಕೇಳುತ್ತಿದ್ದರು. ಅವರು ಕಟ್ಟೆಯ ಮೇಲೆ ಕೂತು ಗಂಭೀರವಾಗಿ ಸಲಹೆ ಕೊಡುತ್ತಿದ್ದರು.

ಒಂದು ದಿನ ಮಾತ್ರ, ಒಳಗಿನ ಮಗ್ಗದ ಸದ್ದಿಗೆ ಹಗಲು ನಿದ್ದೆಯೂ ಬಾರದೆ, ಅವರು ಪರದೆಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು:

“ಅವ್ವಾ, ಹತ್ತ ವರ್ಷ ಮುಗದ ಮ್ಯಾಲ ಇಳೀತಿ ಹೌದಲ್ಲ?”

“ಇಳಿಯಾಕ ನಾ ಯಾರಪಾ?” ಎಂದರು ಮಾಣಿಕಬಾಯಿ, ಮಗ್ಗುಲು ತಿರುಗುತ್ತ. “ನಾ ಈಗ ಸರಕಾರದಾಕಿ. ಅರ್ಜಿ ಕೊಟ್ಟ ನೋಡು.”

ಪಾರೀಸರು ಮರುದಿನವೇ ಕೊಲ್ಹಾಪುರಕ್ಕೆ ಹೋಗಿ ಅರ್ಜಿ ಕೊಟ್ಟರು. ಬಾಳಾಸಾಹೇಬರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಅರ್ಜಿ ತೀರ ಹೊಸದು, ಈ ಕಚೇರಿಯಲ್ಲಿ ನೂರು ವರ್ಷ ತುಂಬಿದ್ದನ್ನು ಮಾತ್ರ ವಿಚಾರಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಹೇಳಿ ಕಪಾಟಿನಲ್ಲಿ ಇಟ್ಟರು. ಪಾರೀಸರಿಗೂ ಅದು ಸರಿಯೆಂದೇ ತೋರಿತು.