ಬಫರ್ ಇಟ್ಟು ಮಾಡಿದ ಎಂಗೇಜ್‌ಮೆಂಟ್

ಒಂದೊಂದು ಮಾತು ಮನಿಗೆ ಹೊಕ್ಕಿತು ಅಂದ್ರ ಹೊಳ್ಳಿ ಹೊರಗ ಹೋಗಂಗಿಲ್ರಿ. ನಮ್ಮ ಪುಣೆಯ ಮನ್ಯಾಗ ಹಂಗ ಹೊಕ್ಕಿದ್ದು ಬಫರ್. ಹೋದ ವರ್ಷ ಮಗಳ ಸಂಬಂಧ ನೋಡ್ಲಿಕ್ಕೆ ಹೋಗೋವಾಗ ಟ್ರಾಫಿಕ್‌ನ್ಯಾಗ ಸಿಕ್ಕು ಒಂದೂವರೆ ತಾಸು ತಡಾ ಆತು. ಗಂಡಿನ ಕಡೆಯವರು ಬಾಗಲದಾಗ ನಿಂತು ಕೈ ಮುಗದು ಕಳಿಸಿಬಿಟ್ರು. ಆವತ್ತಿನಿಂದ ತಡಾ ಅಂದ್ರ ನನಗ ಜ್ವರಾನೇ ಬರ್ತದ.

ಲ್ಯಾಬ್‌ನ್ಯಾಗ

ನಾ ಯೆರವಡಾ ಕಡೆ ಒಂದು ಲ್ಯಾಬ್‌ನ್ಯಾಗ ನೀರು ಪರೀಕ್ಷಾ ಮಾಡತೀನಿ. ಅಲ್ಲೆ ಬಫರ್ ಅಂದ್ರ ಒಂದು ಬಾಟಲಿ ದ್ರಾವಣ. ಅದರಾಗ ನಾಕು ಹನಿ ಆ್ಯಸಿಡ್ ಬಿದ್ರೂ ಅದರ ಹುಳಿ ಹೆಚ್ಚಾಗಂಗಿಲ್ಲ. ಇದನ್ನ ಹೆಂಡತಿಗೆ ಬಿಡಿಸಿ ಹೇಳಿದೆ.

"ಅಂದ್ರ, ನಾ ಎಷ್ಟು ಬೈದ್ರೂ ನೀವು ಪೇಪರ್ ಓದಕೋತ ಕುಂಡ್ರತೀರಲ್ಲ, ಹಂಗ?" ಅಂದ್ಲು.

ಇಪ್ಪತ್ತು ವರ್ಷದ ಕೆಲಸ ಆಕಿ ಒಂದು ಮಾತಿನ್ಯಾಗ ಮುಗಿಸಿದ್ಲು.

ಮಾರ್ಕೆಟ್ ಯಾರ್ಡ್‌ನ್ಯಾಗ

ಹೆಂಡತಿಯ ತಮ್ಮ ಮಾರ್ಕೆಟ್ ಯಾರ್ಡ್‌ನ್ಯಾಗ ಉಳ್ಳಾಗಡ್ಡಿ ವ್ಯಾಪಾರಿ. ಅವಂಗ ಬಫರ್ ಅಂದ್ರ ಹೊತ್ತಿಗಾಗಲಿ ಅಂತ ಬಾಜೂಕ ಇಟ್ಟ ಚೀಲ. ಮಗಳಿಗೆ ಬ್ಯಾರೆ ಸಂಬಂಧ ಕೂಡಿ, ಪುಣೆ ಹತ್ರದ ಸಾಸವಡದಾಗ ಎಂಗೇಜ್‌ಮೆಂಟ್ ಅಂತಾತು. ಅಂವ ಎರಡು ಗಾಡಿ ಹೇಳಿಬಿಟ್ಟ.

"ಇರೋರು ಏಳು ಮಂದಿ, ಎರಡನೇದು ಯಾಕೋ?"

"ಬಫರ್ ರೀ ಮಾಮಾ. ಒಂದು ಕೆಟ್ರ ಇನ್ನೊಂದು."

ಮೊದಲನೇದು ಕೆಡಲಿಲ್ಲ. ಎರಡನೇದು ಖಾಲಿನೇ ನಮ್ಮ ಹಿಂದ ಹಿಂದ ಘಾಟ ಹತ್ತಿ ಬಂತು.

ಅಳಿಯನ ಆಫೀಸಿನ್ಯಾಗ

ಆಗೋ ಅಳಿಯ ಮೈಸೂರು ಕಡೆ ಹುಡುಗ, ಐಟಿ. ಅವರ ಆಫೀಸಿನ್ಯಾಗ ಮೂರು ದಿನದ ಕೆಲಸಕ್ಕ ಅಂವ ಐದು ಅಂತಾನಂತ. ಅವನ ಮ್ಯಾಲಿನವ ಎಂಟು ಅಂತಾನ, ಅವನ ಮ್ಯಾಲಿನವ ಹನ್ನೆರಡು.

"ಹಂಗಾರ ಹನ್ನೆರಡು ದಿನದಾಗ ಮುಗೀತದಲ್ಲಪಾ?"

"ಇಲ್ಲ ಅಂಕಲ್, ಹದಿಮೂರಾಗತ್ತೆ. ಬಫರ್ ಇದೆಯಲ್ಲ ಅಂತ ಎಲ್ರೂ ಆರಾಮಾಗಿರ್ತೀವಿ."

ಸಾಸವಡದಾಗ

ಭಟ್ಟರು ಮುಹೂರ್ತ ಹನ್ನೊಂದೂವರೆಗೆ ಅಂದಿದ್ರು. ನಾ ಹೆಂಡತಿಗೆ ಹತ್ತೂವರೆ ಅಂದೆ. ಆಕಿ ತಮ್ಮಗ ಒಂಬತ್ತೂವರೆ ಅಂದ್ಲು. ಅಂವ ಎರಡೂ ಗಾಡಿ ಮುಂಜಾನೆ ಆರಕ್ಕ ಬಾಗಲಕ್ಕ ತಂದು ನಿಲ್ಲಿಸಿದ. ಏಳೂಕಾಲಿಗೆ ಹಾಲ್ ಮುಂದ ಇಳದ್ವಿ. ಕೀಲಿ ಹಾಕಿತ್ತು. ನೋಡಿದ್ರ, ಮೆಟ್ಟಲ ಮ್ಯಾಲೆ ಗಂಡಿನ ಕಡೆಯವರೆಲ್ಲಾ ರೇಷ್ಮಿ ಸೀರಿ, ಧೋತ್ರ ಉಟಗೊಂಡು ಸಾಲಾಗಿ ಕುಂತಾರ!

"ಆರೂಮುಕ್ಕಾಲಿಗೇ ಬಂದ್ವಿ ಸಾರ್. ಒಂಚೂರು ಬಫರ್ ಇರ್ಲಿ ಅಂತ" ಅಂದ್ರು ಬೀಗರು.

ನನಗ ಅವರನ್ನ ಅಪ್ಪಿಕೊಳ್ಳಬೇಕು ಅನಿಸ್ತು. ಹಾಲ್ ತಗದ ಮ್ಯಾಲೆ ಎರಡು ಸಲ ಉಪ್ಪಿಟ್ಟು, ಮೂರು ಸಲ ಚಹಾ ಆತು. ಬೀಗರು ಜಮಖಾನದ ಮ್ಯಾಲೆ ಅಡ್ಡಾದ್ರು. ಅವರ ಬಾಜೂಕ ನಾನೂ ಅಡ್ಡಾದೆ.

ಎಚ್ಚರಾದಾಗ ಭಟ್ಟರು ಪೂಜಾ ಸಾಮಾನು ಹೊಂದಿಸಲಿಕ್ಕೆ ಕುಂತಿದ್ರು. ಹನ್ನೊಂದೂವರೆ. ಹುಡುಗಾ ಇಲ್ಲ, ಹುಡುಗಿ ಇಲ್ಲ! ಇನ್ನೂ ಭಾಳ ಹೊತ್ತದ ಅಂತ ಇಬ್ಬರೂ ಆ ಖಾಲಿ ಗಾಡಿ ತಗೊಂಡು ಮಿಸಳ್ ತಿನ್ನಲಿಕ್ಕೆ ಹೋಗಿದ್ರಂತ. ಇಬ್ಬರ ಫೋನೂ ಹಾಲ್‌ನ್ಯಾಗ ಚಾರ್ಜಿಗೆ ಹಚ್ಚಿದ್ವು. ಹನ್ನೊಂದೂ ನಲವತ್ತು ಆತು. ಐವತ್ತಾತು. ಈ ಸಂಬಂಧನೂ ಮುಗೀತು ಅನಕೊಂಡೆ.

ಹನ್ನೆರಡಕ್ಕ ಐದು ನಿಮಿಷ ಇದ್ದಾಗ ಇಬ್ಬರೂ ಓಡಕೋತ ಬಂದ್ರು. ಹೆಂಡತಿ ಅಳಲಿಕ್ಕೆ ಹತ್ತಿದ್ಲು. ಬೀಗರ ಮಾರಿ ನೋಡೋ ಧೈರ್ಯ ನನಗಿರಲಿಲ್ಲ. ಭಟ್ಟರ ಕಾಲಿಗೆ ಬಿದ್ದೆ. "ಮುಹೂರ್ತ ತಪ್ಪಿಸಿಬಿಟ್ವಲ್ರಿ!"

ಭಟ್ಟರು ಎಲಿ ಅಡಕಿ ಹೊಂದಿಸಕೋತ ಅಂದ್ರು, "ಏಳ್ರಿ ಮ್ಯಾಲೆ. ಮುಹೂರ್ತ ಇರೋದು ಹನ್ನೆರಡೂವರೆಗೆ. ನಿಮಗ ಖರೇ ಟೈಮ್ ಯಾರು ಹೇಳ್ತಾರ್ರಿ?"