ಐವತ್ತಾರು ರಾತಲಿನ ಯೋಗ್ಯತೆ

ಸರ್ಕಾರಿ ಕೆಲಸದಲ್ಲಿ ಎತ್ತುವವನು ಒಬ್ಬ, ಎತ್ತಿದ್ದಕ್ಕೆ ಕಾಗದ ಪಡೆಯುವವನು ಇನ್ನೊಬ್ಬ. ಇದು ಎಲ್ಲ ಕಡೆಯೂ ನಡೆಯುತ್ತಲೇ ಇರುತ್ತದೆ. ನಾನು ಕಂಪೌಂಡರನಾಗಿದ್ದ ಡಿಸ್ಪೆನ್ಸರಿಯಲ್ಲಿ ಅದನ್ನು ತೂಕದ ಗುಂಡು ಇಟ್ಟುಕೊಂಡೇ ನಡೆಸುತ್ತಿದ್ದರು. ಪುತ್ತೂರಿಗೂ ಕಡಬಕ್ಕೂ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಊರಿನ ಹೆಸರು ಬೇಡ, ನನಗೆ ಪೆನ್ಷನ್ ಇನ್ನೂ ಬರುತ್ತಿದೆ.

೧. ಗುಂಡು ಬಂತು

ಅರುವತ್ತರ ಆಸುಪಾಸಿನಲ್ಲಿ ಕಿಲೋ ಬಂದು ರಾತಲು ಹೋಯಿತು. ಅಡಿಕೆ ಅಂಗಡಿಯವರಿಗೆ ಬೇಡವಾದ ಐವತ್ತಾರು ರಾತಲಿನ, ಅಂದರೆ ಇಪ್ಪತ್ತೈದು ಕಿಲೋ ಚಿಲ್ಲರೆಯ, ಮೇಲೆ ಹಿಡಿ ಇದ್ದ ಕಬ್ಬಿಣದ ಗುಂಡೊಂದನ್ನು ನಮ್ಮ ಡಾಕ್ಟರು ತರಿಸಿಕೊಂಡರು. ಅವರು ಯುದ್ಧಕಾಲದಲ್ಲಿ ಮಿಲಿಟರಿಯಲ್ಲಿದ್ದವರು. ನಾಡಿ ಸುಳ್ಳು ಹೇಳುತ್ತದೆ, ಎದೆಯ ಅಳತೆ ಸುಳ್ಳು ಹೇಳುತ್ತದೆ, ಗುಂಡು ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಸರ್ಕಾರಿ ಕೆಲಸಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಾದವರೆಲ್ಲ ಅದನ್ನು ಐದು ಸಲ ತಲೆಯ ಮೇಲೆ ಎತ್ತಬೇಕು.

ಗುಂಡು ಇರುವುದು ಹಿಂದಿನ ಸಾಮಾನು ಕೋಣೆಯಲ್ಲಿ. ಅದನ್ನು ತಂದಿಡುವುದು ಜವಾನನ ಕೆಲಸ. ವರ್ಷಗಳಿಂದ ಬದಲಿ ಜವಾನನಾಗಿಯೇ ಉಳಿದಿದ್ದ ಮನುಷ್ಯ. ಒಂದು ಕೈಯಲ್ಲಿ ಗುಂಡು, ಇನ್ನೊಂದು ಕೈಯಲ್ಲಿ ಡಾಕ್ಟರ ಚಹಾದ ಗ್ಲಾಸು. ಚಹಾ ತುಳುಕುತ್ತಿರಲಿಲ್ಲ.

ಮೊದಲ ಪರೀಕ್ಷೆ ನನ್ನದೇ. ಆಗಷ್ಟೇ ನನಗೆ ಆರ್ಡರು ಬಂದಿತ್ತು. ಗುಂಡು ನನ್ನ ಮೊಣಕಾಲಿನವರೆಗೆ ಬಂತು, ಮುಂದೆ ಬರಲು ಒಪ್ಪಲಿಲ್ಲ. ಡಾಕ್ಟರು ತಲೆ ತಗ್ಗಿಸಿ ಬರೆಯುತ್ತಿದ್ದವರು ಹಾಗೆಯೇ ಜವಾನನನ್ನು ಕೇಳಿದರು, "ಎತ್ತಿದ್ರಾ?"

ಅವನು ನನ್ನ ಮುಖ ನೋಡಿದ. "ಎತ್ತಿದ್ರು ಸಾರ್," ಎಂದ.

ಹೀಗೆ ನಾನು ಇಪ್ಪತ್ತೆಂಟು ವರ್ಷಗಳ ಸೇವೆಗೆ ಗಟ್ಟಿಮುಟ್ಟಾದೆ.

೨. ಬೆಳ್ಳಾರೆ ಕಡೆಯವನು

ಬೆಳ್ಳಾರೆ ಕಡೆಯಿಂದ ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಒಬ್ಬ ಬಂದ. ಮರದ ದಿಮ್ಮಿ ಹೊತ್ತು ಬೆಳೆದವನು. ಎತ್ತು ಎಂದು ಹೇಳಿ ಡಾಕ್ಟರು ಹೊರಗೆ ಯಾರೊಂದಿಗೋ ಮಾತಿಗೆ ನಿಂತರು, ಇವನನ್ನು ಮರೆತರು. ಸಾಕು ಮಾರಾಯ ಎಂದು ನಾನು ಹೇಳಿದೆ. ಡಾಕ್ಟರು ಹೇಳಬೇಕು ಎಂದು ಅವನು ಎತ್ತುತ್ತಲೇ ಇದ್ದ. ಅವರು ಮರಳಿ ಬರುವಾಗ ಬೆವರು ನೆಲಕ್ಕೆ ಇಳಿಯುತ್ತಿತ್ತು. ಎದೆಗೆ ಕೊಳವೆ ಇಟ್ಟು ನೋಡಿದ ಡಾಕ್ಟರು, ಬಡಿತ ಅತಿಯಾಗಿದೆ, ಅನರ್ಹ ಎಂದು ಬರೆದರು.

ಅದೇ ವಾರ ಮೇಷ್ಟ್ರ ಕೆಲಸಕ್ಕೆ ಒಬ್ಬ ಬಂದ, ದೊಡ್ಡವರೊಬ್ಬರ ಕಾಗದ ಹಿಡಿದುಕೊಂಡು. ಡಾಕ್ಟರು ಅದನ್ನು ಓದಿ, ಮೇಷ್ಟ್ರಿಗೆ ಚಾಕ್‌ಪೀಸ್ ಎತ್ತಿದರೆ ಸಾಕಲ್ಲವೇ ಎಂದರು. ಗುಂಡು ಸಾಮಾನು ಕೋಣೆಯಲ್ಲೇ ಉಳಿಯಿತು. ಆ ಕಾಗದ ಎಷ್ಟು ರಾತಲು ತೂಗುತ್ತಿತ್ತೋ, ಎತ್ತಿ ತಂದವನ ಎದೆಬಡಿತ ಮಾತ್ರ ಸರಿಯಾಗಿಯೇ ಇತ್ತು.

೩. ಜವಾನನ ಸರದಿ

ಕೊನೆಗೂ ಜವಾನನಿಗೆ ಖಾಯಂ ಆರ್ಡರು ಬಂತು. ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಅವನ ಸರ್ಟಿಫಿಕೇಟ್ ಪುತ್ತೂರಿಗೆ ಹೋಗಬೇಕು, ತಪ್ಪಿದರೆ ಆರ್ಡರು ರದ್ದು. ಮನೆಯಲ್ಲಿ ಮೂರು ಮಕ್ಕಳು. ಶನಿವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದ. ರೋಗಿಗಳೆಲ್ಲ ಮುಗಿದ ಮೇಲೆ ಗುಂಡು ತರಲು ಹೊರಟವನನ್ನು ಡಾಕ್ಟರು ತಡೆದರು.

"ನೀನು ಮುಟ್ಲಿಕ್ಕಿಲ್ಲ. ಪರೀಕ್ಷೆಗೆ ಮೊದಲು ಅಭ್ಯರ್ಥಿ ಗುಂಡು ಮುಟ್ಬಾರ್ದು."

"ಮತ್ತೆ ಯಾರು ತರುದು ಸಾರ್?"

"ಜವಾನ ತರ್ಬೇಕು."

ಜವಾನ ಅವನೇ. ಅದು ಡಾಕ್ಟರಿಗೂ ಗೊತ್ತಿತ್ತು. ಸಾಮಾನು ಕೋಣೆಯಲ್ಲೇ ಎತ್ತಿಸಬಹುದಲ್ಲ ಎಂದೆ. ಪರೀಕ್ಷೆ ಅವರ ಮೇಜಿನ ಎದುರೇ ಆಗಬೇಕಂತೆ. ಡಿಸ್ಪೆನ್ಸರಿಯ ಆಯಾಳನ್ನು ಕೇಳಿದರೆ, ತನ್ನ ಕೆಲಸ ಮಕ್ಕಳನ್ನು ಎತ್ತುವುದು, ಇಷ್ಟು ತೂಕದ ಮಗುವನ್ನು ಈ ಊರಲ್ಲಿ ಯಾರೂ ಹೆತ್ತಿಲ್ಲ ಎಂದಳು. ಉಳಿದವನು ನಾನು.

ಅವನ ಋಣ ನನ್ನ ಮೇಲಿತ್ತು, ಹೋದೆ. ಹೊಸ್ತಿಲು ದಾಟುವಾಗ ಗುಂಡು ಜಾರಿ ನನ್ನ ಬಲಗಾಲಿನ ಮೇಲೆ ಬಿತ್ತು. ನನ್ನ ಬೊಬ್ಬೆ ಕೇಳಿ ಜವಾನ ಓಡಿ ಬಂದ. ಒಂದು ಕೈಯಲ್ಲಿ ಗುಂಡು ಎತ್ತಿ, ಇನ್ನೊಂದು ಕೈಯಲ್ಲಿ ನನ್ನನ್ನು ಹೆಗಲಿಗೆ ಹಾಕಿ, ಎರಡನ್ನೂ ಡಾಕ್ಟರ ಎದುರು ತಂದಿಟ್ಟ.

ಡಾಕ್ಟರು ನನಗೆ ಪಟ್ಟಿ ಕಟ್ಟತೊಡಗಿದರು. ಇವ ಎತ್ತಿದ್ದನ್ನು ನೀವೇ ನೋಡಿದಿರಲ್ಲ ಎಂದು ಆಯಾ ಕೇಳಿದಳು.

"ಅದು ಕೆಲಸ. ಪರೀಕ್ಷೆ ಅಲ್ಲ. ಮೊದಲೇ ಮುಟ್ಟಿಯಾಯ್ತು, ಇನ್ನು ಇವತ್ತು ಪರೀಕ್ಷೆ ಮಾಡ್ಲಿಕ್ಕೂ ಇಲ್ಲ," ಎಂದರು ಡಾಕ್ಟರು. ಆದರೂ ಅವರಿಗೆ ಒಳಗೆ ಕಸಿವಿಸಿಯಾಗಿರಬೇಕು, ನನ್ನ ಕಡೆ ತಿರುಗಿದರು. "ಕಂಪೌಂಡರೇ, ಇವ ಐದು ಸಲ ಎತ್ತಿದ್ದಾನೆಂದು ನೀವು ಸಾಕ್ಷಿ ರುಜು ಹಾಕ್ತೀರಾ? ಹಾಕಿದ್ರೆ ಈಗಲೇ ಬರೀತೇನೆ."

ಹೂಂ ಎಂದರೆ ಮುಗಿಯುತ್ತಿತ್ತು. ಬಸ್ಸಿಗೆ ಇನ್ನೂ ಕಾಲು ಗಂಟೆ ಇತ್ತು. ಆದರೆ ಯಾರಾದರೂ ಮೂಗರ್ಜಿ ಹಾಕಿದರೆ? ನನ್ನ ಕೆಲಸಕ್ಕೇ ಕುತ್ತು ಬಂದರೆ?

"ನಾನು ನನ್ನ ಕಾಲು ನೋಡ್ತಾ ಇದ್ದೆ ಸಾರ್," ಎಂದೆ.

ಬಸ್ಸು ಹೋಯಿತು, ಆರ್ಡರೂ ಹೋಯಿತು. ಆ ಹೇಡಿತನಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಕಾಲು ಮಾತ್ರ ಆರು ವಾರದಲ್ಲಿ ವಾಸಿಯಾಯಿತು.

೪. ಮತ್ತೆ ನಾನು

ಕಾಯಿಲೆ ರಜೆ ಮುಗಿಸಿ ಬಂದವರು ಪುನಃ ಸರ್ಟಿಫಿಕೇಟ್ ಕೊಡಬೇಕೆಂಬುದು ಕಾನೂನು. ಅಂದರೆ ಪುನಃ ಗುಂಡು. ಅದನ್ನು ತಂದಿಟ್ಟವನು ಅವನೇ, ಈಗಲೂ ಬದಲಿ ಜವಾನ. ನಾನು ಬಗ್ಗಿದೆ. ಈ ಸಲ ಅದು ಮೊಣಕಾಲಿಗೂ ಬರಲಿಲ್ಲ. ಡಾಕ್ಟರು ತಲೆ ತಗ್ಗಿಸಿ ಬರೆಯುತ್ತಿದ್ದರು.

"ಎತ್ತಿದ್ರಾ?"

ಅವನು ಈ ಸಲ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ.

"ಎತ್ತಿದ್ರು ಸಾರ್," ಎಂದ. "ಐದು ಸಲ."

ಆಮೇಲೆ ಗುಂಡನ್ನು ಒಂದು ಕೈಯಲ್ಲಿ ತೆಗೆದುಕೊಂಡು, "ಕಾಲು ಸ್ವಲ್ಪ ಹಿಂದೆ ಇಡಿ ಕಂಪೌಂಡರೇ," ಎಂದು ಹೇಳಿ ಒಳಗೆ ಹೋದ.