ಬೆಟ್ಟ ಒಂದೇ, ಬಿಲ್ಲೆ ಎರಡು

ಬೀಳುವ ಕೆಲಸವನ್ನು ನಮ್ಮ ಅತ್ತಿಗೆಯಷ್ಟು ಶ್ರದ್ಧೆಯಿಂದ ಮಾಡಿದವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ನಾವೆಲ್ಲ ಕಾಲು ಜಾರಿ ಬೀಳುತ್ತೇವೆ. ಅವರು ನಲವತ್ತೊಂಬತ್ತನೇ ವಯಸ್ಸಿನಲ್ಲಿ ಫಾರಂ ತುಂಬಿ, ಸರತಿಯಲ್ಲಿ ನಿಂತು, ಹೆಲ್ಮೆಟ್ ಹಾಕಿಕೊಂಡು ಬಿದ್ದರು!

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ಮೈಸೂರಿನವರು. ಅಮೆರಿಕದ ನ್ಯೂಜೆರ್ಸಿಯ ಮನ್ರೋದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ನ್ಯೂಯಾರ್ಕಿನ ದೊಡ್ಡ ದೊಡ್ಡ ಬ್ಯಾಂಕುಗಳೇ ಮಕಾಡೆ ಮಲಗಿದ ಆ ಚಳಿಗಾಲದಲ್ಲಿ ಪಿಸ್ಕಾಟವೇಯ ಆಫೀಸೊಂದರಲ್ಲಿದ್ದ ಅವರ ಡೇಟಾ ಎಂಟ್ರಿ ಕೆಲಸವೂ ಹೋಯಿತು. ಹದಿನೈದು ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒರೆಸಿದರು. ಒರೆಸಲು ಡಬ್ಬಿ ಮುಗಿದ ಮೇಲೆ, ನನ್ನ ಮಗಳ ಸ್ಕೂಲಿನವರು ನಾರ್ತ್ ಜೆರ್ಸಿಯ ಹಿಮದ ಮೇಲೆ ಜಾರುವ ಸ್ಕೀ ಬೆಟ್ಟಕ್ಕೆ ಹೊರಟಾಗ ಮಕ್ಕಳ ಕಾವಲಿಗೆಂದು ಜೊತೆಗೆ ಹೋದರು. ಮಧ್ಯಾಹ್ನ ಅಲ್ಲಿಂದಲೇ ನನಗೆ ಫೋನು.

"ಇಲ್ಲೊಂದು ಬೋರ್ಡ್ ಹಾಕಿದಾರೆ ಕಣೋ. ಸ್ಕೀ ಇನ್‌ಸ್ಟ್ರಕ್ಟರ್ಸ್ ಬೇಕಂತೆ!"

"ಅತ್ತಿಗೆ, ನಿಮಗೆ ಸ್ಕೀಯಿಂಗ್ ಬರಲ್ಲ."

"ಅದೊಂದು ಬರಲ್ಲ ಅಷ್ಟೇ. ಮಿಕ್ಕಿದ್ದೆಲ್ಲಾ ಬರುತ್ತೆ."

ಹೀಗೆಂದವರನ್ನು ತಡೆಯಲು ಯಾರಿಂದ ಸಾಧ್ಯ? ವಾರಕ್ಕೆ ಎರಡು ದಿನ ಬೆಟ್ಟ. ಉಳಿದ ಐದು ದಿನ ಮನೆಯ ಕಾರ್ಪೆಟ್ಟಿನ ಮೇಲೆ, ಟಿವಿಯ ಮುಂದೆ, ಕಾಲಿಗೆ ಸ್ಕೀ ಕಟ್ಟಿಕೊಂಡು ಅಭ್ಯಾಸ. ಹಿಮ ಬಿದ್ದ ದಿನ ನಮ್ಮ ಕಾಲೊನಿಯ ಮಳೆನೀರು ಗುಂಡಿಯ ಇಳಿಜಾರೇ ಅವರ ಹಿಮಾಲಯ. ಅಲ್ಲಿ ಸ್ಕೀ ಮಾಡುವಂತಿಲ್ಲವೆಂದು ಅಸೋಸಿಯೇಷನ್ನಿನಿಂದ ನೋಟಿಸು ಬಂತು. ಅತ್ತಿಗೆ ವಿನಯದಿಂದ ಉತ್ತರ ಬರೆದರು: "ನಾನು ಸ್ಕೀ ಮಾಡುತ್ತಿರಲಿಲ್ಲ, ಬೀಳುತ್ತಿದ್ದೆ. ಬೀಳಬಾರದೆಂಬ ನಿಯಮವಿದ್ದರೆ ದಯವಿಟ್ಟು ಕಳಿಸಿಕೊಡಿ."

ಮುಂದಿನ ಚಳಿಗಾಲದ ಹೊತ್ತಿಗೆ ಅವರು ನಿಜಕ್ಕೂ ಕಲಿತಿದ್ದರು. ಪರೀಕ್ಷೆ ಕಟ್ಟಿ, ಪಾಸಾಗಿ, ಇನ್‌ಸ್ಟ್ರಕ್ಟರ್ ಎಂದು ಬರೆದಿದ್ದ ಹಿತ್ತಾಳೆಯ ಬಿಲ್ಲೆಯನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಎದೆಗೆ ಸಿಕ್ಕಿಸಿಕೊಂಡು ಬೆಟ್ಟದ ಮ್ಯಾನೇಜರ್ ಮುಂದೆ ಹೋಗಿ ನಿಂತರು. ಡ್ರೈವರ್ ನಾನೇ. ಆತ ಬಿಲ್ಲೆಯನ್ನು ನೋಡಿದ, ಕುಂಕುಮವನ್ನು ನೋಡಿದ, ನಿಟ್ಟುಸಿರು ಬಿಟ್ಟ.

"ತುಂಬಾ ಚೆನ್ನಾಗಿದೆ. ಆದರೆ ನಾವು ಇದನ್ನು ಮಾನ್ಯ ಮಾಡುವುದಿಲ್ಲ. ಇನ್ನೊಂದು ಸಂಸ್ಥೆಯದು ಬೇಕು."

ಆಮೇಲೆ ತಿಳಿಯಿತು. ಸ್ಕೀ ಗುರುಗಳಿಗೆ ಸರ್ಟಿಫಿಕೇಟು ಕೊಡುವ ಸಂಸ್ಥೆಗಳು ಅಲ್ಲಿ ಎರಡು. ಹಿಂದೆ ಒಂದೇ ಆಗಿತ್ತಂತೆ. ತಿರುಗುವಾಗ ಮಂಡಿ ಎಷ್ಟು ಬಗ್ಗಿಸಬೇಕು ಎಂಬ ಮಾತಿಗೆ ಹಿರಿಯರಲ್ಲಿ ಜಗಳ ಹತ್ತಿ ಇಬ್ಭಾಗವಾಯಿತು. ಅಂದಿನಿಂದ ಇವರ ಬಿಲ್ಲೆ ಅವರಿಗೆ ತಗಡು, ಅವರ ಬಿಲ್ಲೆ ಇವರಿಗೆ ತಗಡು. ನನಗೆ ನಗು ಬಂತು, ಆದರೆ ನಗುವ ಯೋಗ್ಯತೆ ನನಗೆಲ್ಲಿದೆ? ಯುಗಾದಿ ಊಟ ಕಾರ್ಯಕ್ರಮಕ್ಕೆ ಮೊದಲೋ ಆಮೇಲೋ ಎಂದು ಕಿತ್ತಾಡಿ ಎರಡಾದ ನಮ್ಮ ಕನ್ನಡ ಬಳಗದಲ್ಲಿ 'ಊಟ ಮೊದಲು' ಪಕ್ಷದ ಖಜಾಂಚಿ ನಾನೇ!

ಅತ್ತಿಗೆ ಮಾತ್ರ ನಗಲಿಲ್ಲ. ಎರಡೂ ಸಂಸ್ಥೆಗಳಿಗೆ ಒಂದೇ ಕಾಗದ ಬರೆದರು: "ಜಗಳ ನಿಮ್ಮಿಬ್ಬರದು. ಬೆಟ್ಟ ಒಂದೇ, ಹಿಮ ಒಂದೇ, ಬೀಳುವವಳೂ ನಾನೊಬ್ಬಳೇ. ಒಬ್ಬರ ಪರೀಕ್ಷೆಯನ್ನು ಇನ್ನೊಬ್ಬರು ಒಪ್ಪಿಕೊಂಡರೆ ನಿಮ್ಮ ಗಂಟೇನು ಹೋಗುತ್ತದೆ?" ಮೊದಲನೆಯವರು ಎರಡನೆಯವರನ್ನು ನಂಬಬೇಡಿ ಎಂದು ಉತ್ತರಿಸಿದರು. ಎರಡನೆಯವರು, ಮೊದಲನೆಯವರು ಯಾರೆಂದೇ ಗೊತ್ತಿಲ್ಲ ಎಂದರು.

"ಬಿಟ್ಟುಬಿಡು ಮಾರಾಯ್ತಿ, ಈ ವಯಸ್ಸಿಗೆ ಯಾಕೆ ಇದೆಲ್ಲಾ?" ಎಂದ ಅಣ್ಣ.

"ಬಿಡಲ್ಲ. ಈ ಸಲ ಬಿಡಲ್ಲ" ಎಂದರು ಅತ್ತಿಗೆ. 'ಈ ಸಲ' ಎಂಬ ಮಾತು ನಮ್ಮಿಬ್ಬರ ಕಿವಿಗೂ ಬೀಳಲಿಲ್ಲ.

ಮತ್ತೆ ಮೊದಲಿನಿಂದ ಶುರು. ಮೊದಲನೆಯವರು ನೆಟ್ಟಗೆ ನಿಲ್ಲಿಸಿದ್ದ ಮಂಡಿಯನ್ನು ಎರಡನೆಯವರಿಗಾಗಿ ಬಗ್ಗಿಸಬೇಕಾಯಿತು. ಮಂಡಿಗೇನು ಗೊತ್ತು ಯಾವ ಸಂಸ್ಥೆ ಎಂದು? ಮನೆತುಂಬಾ ನೋವಿನೆಣ್ಣೆಯ ವಾಸನೆ. ಪರೀಕ್ಷೆಯ ದಿನ ಪರೀಕ್ಷಕನ ಕಣ್ಣೆದುರೇ, ಕೊನೆಯ ತಿರುವಿನಲ್ಲಿ, ಅತ್ತಿಗೆ ದೊಪ್ಪೆಂದು ಬಿದ್ದರು. ಬೇಲಿಯಾಚೆ ನಿಂತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಅತ್ತಿಗೆ ಮಲಗಿದಲ್ಲಿಂದಲೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು: "ಈಗ, ಬಿದ್ದ ಮೇಲೆ ಏಳುವುದು ಹೇಗೆಂದು ತೋರಿಸುತ್ತೇನೆ. ಎಲ್ಲರೂ ಇತ್ತ ನೋಡಿ." ಆ ಪರೀಕ್ಷಕ ಮೂವತ್ತು ವರ್ಷದಲ್ಲಿ ಇಷ್ಟು ಸ್ಪಷ್ಟವಾದ ಪಾಠ ಕೇಳಿರಲಿಲ್ಲವಂತೆ. ಪಾಸು!

ಬೆಟ್ಟದವರು ಕೆಂಪು ಜಾಕೆಟ್ಟು ಕೊಟ್ಟರು. ಎದೆಯ ಮೇಲೆ ಒಂದೇ ಬಿಲ್ಲೆ ಇರಬೇಕೆಂಬುದು ಅವರ ನಿಯಮ. ಅತ್ತಿಗೆ ಇನ್ನೊಂದನ್ನು ಜಾಕೆಟ್ಟಿನ ಒಳಗೆ ಸಿಕ್ಕಿಸಿಕೊಂಡರು. ಎರಡು ಸಂಸ್ಥೆಗಳೂ ಅಷ್ಟು ಹತ್ತಿರ ಬಂದದ್ದು ಅದೇ ಮೊದಲಿರಬೇಕು.

ಮೊದಲ ಕ್ಲಾಸಿಗೆ ಏಳು ಮಕ್ಕಳು, ಜೊತೆಗೆ ಹೆಗಲಿಗೆ ಶಾಲು ಬಿಗಿದುಕೊಂಡ ಒಬ್ಬ ಆಂಟಿ. ಅವರೂ ಮೈಸೂರಿನವರೇ, ಮಂಡಿ ಮೊಹಲ್ಲಾದ ಕಡೆಯವರು, ಮೊಮ್ಮಕ್ಕಳ ಜೊತೆ ರಾಬಿನ್ಸ್‌ವಿಲ್‌ನಿಂದ ಬಂದಿದ್ದರು. ಮಕ್ಕಳು ಜಾರಿಕೊಂಡು ಹೋದವು. ಆಂಟಿ ಮಾತ್ರ "ಯಾ ಅಲ್ಲಾ, ನನ್ ಕೈಲಿ ಆಗಲ್ಲಮ್ಮಾ" ಎಂದು ಇಳಿಜಾರಿನ ಅಂಚಿಗೆ ಕಟ್ಟಿದ್ದ ಹಗ್ಗ ಹಿಡಿದು ನಿಂತರು. ಅತ್ತಿಗೆ ಒಂದು ಗಂಟೆ ಅವರ ಕೈ ಬಿಡಲಿಲ್ಲ. ಕೊನೆಗೆ ಆಂಟಿ ಹತ್ತು ಗಜ ದೂರ ಒಬ್ಬರೇ ಜಾರಿ, ನಿಂತು, ಹಿಂತಿರುಗಿ ನೋಡಿ ಕೇಕೆ ಹಾಕಿ ನಕ್ಕರು. ಹೋಗುವಾಗ, "ಮುಂದಿನ ವಾರನೂ ಬರ್ತೀನಿ, ಮಿಸ್" ಎಂದರು.

ವಾಪಸು ಬರುವಾಗ ಕಾರಿನಲ್ಲಿ ಅತ್ತಿಗೆ ಕೆಂಪು ಜಾಕೆಟ್ಟನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡರು. ಎಷ್ಟೋ ದೂರ ಬಂದ ಮೇಲೆ, "ಮಿಸ್ ಅಂದ್ರು ಕಣೋ" ಎಂದರು. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಆಗ ನೆನಪಾಯಿತು. ಮದುವೆಯಾಗಿ ಬರುವ ಮುಂಚೆ ಅತ್ತಿಗೆ ಮೈಸೂರಿನಲ್ಲಿ ಐದನೇ ಕ್ಲಾಸಿಗೆ ಮಿಸ್ ಆಗಿದ್ದರು. ಅವರ ಬಿ.ಎಡ್. ಇಲ್ಲಿ ನಡೆಯುವುದಿಲ್ಲ ಎಂದು ಕಾಗದ ಬಂದಾಗ, "ಹೋಗಲಿ ಬಿಡಿ, ಈಗೇನು ಕಡಿಮೆಯಾಗಿದೆ" ಎಂದವನು ನಾನೇ. ಆ ಸಲ ಅವರು ಬಿಟ್ಟಿದ್ದರು. ನಾವೆಲ್ಲ ಮರೆತೂ ಬಿಟ್ಟಿದ್ದೆವು.

ನಾನು ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದೆ. ನ್ಯೂಜೆರ್ಸಿಯಲ್ಲಿ ಪೆಟ್ರೋಲು ನಾವೇ ಹಾಕಿಕೊಳ್ಳುವಂತಿಲ್ಲ, ಇಳಿಯುವ ಅಗತ್ಯವೇ ಇಲ್ಲ. ಆದರೂ ಇಳಿದು, ಕಾರಿಗೆ ಬೆನ್ನು ಮಾಡಿ ಚಳಿಯಲ್ಲಿ ನಿಂತೆ. ಬಂಕಿನವನು, "ಒಳಗೆ ಕೂತ್ಕೊಳ್ಳಿ ಸರ್, ಹೆಪ್ಪುಗಟ್ಟಿ ಹೋಗ್ತೀರಿ" ಎಂದ.

"ಇನ್ನೈದು ನಿಮಿಷ" ಎಂದೆ.